ಅಘನಾಶಿನಿ ಕಣಿವೆ ಮತ್ತು ಕಡಲತೀರ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಿಂದ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಯಾಣ, ಗೋಕರ್ಣ ಅಂದರೆ ನಮ್ಮ ಕಡೆಯವರಿಗೆ ಗೊತ್ತು. ಈ ಮೂರರ ನಡುವೆ ಹರಿಯುವ ಅಘನಾಶಿನಿಯನ್ನು ನೋಡಲೆಂದೇ ಹೊರಡುವವರು ಇನ್ನೂ ಕಡಿಮೆ. ಹೊರಡುವವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವಕ್ಕೆ ಉತ್ತರ ಇಲ್ಲಿದೆ. ಮೊದಲಿಗೇ ಒಂದು ಮಾತು: ಈ ಕಣಿವೆಯಲ್ಲಿ ಕೈಗಡಿಯಾರಕ್ಕಿಂತ ನೀರಿನ ಹೊತ್ತು ಮುಖ್ಯ. ಮೇಲೆ ಮಳೆಯ ಹೊತ್ತು, ಕೆಳಗೆ ಉಬ್ಬರ-ಇಳಿತದ ಹೊತ್ತು. ಅದನ್ನು ನೋಡಿಕೊಂಡು ಹೋದವರಿಗೆ ಎರಡೇ ದಿನದಲ್ಲಿ ಬಹಳ ಸಿಗುತ್ತದೆ.

ಅಘನಾಶಿನಿ ಅಂದ್ರ ಯಾವ ಭಾಗ? ಗೋಕರ್ಣದ ದಂಡಿ ಮ್ಯಾಲಿನ ಹೊಳಿ ಅದ ಏನು?

ಅದೇ ಹೊಳೆಯ ತುದಿ ಅದು. ನದಿಯ ಒಂದು ಮೂಲ ಶಿರಸಿ ಪೇಟೆಯ ಶಂಕರಹೊಂಡ, ಇನ್ನೊಂದು ಮಂಜುಗುಣಿಯ ಕಡೆಯದು. ಎರಡೂ ಕೂಡಿಕೊಂಡು ಸಿದ್ದಾಪುರದ ಕಾಡಿನಲ್ಲಿ ಇಳಿದು, ಕುಮಟಾ ತಾಲೂಕಿನಲ್ಲಿ ಅಗಲವಾಗಿ ಹರಡಿ, ತದಡಿಯ ಹತ್ತಿರ ಅರಬ್ಬಿ ಸಮುದ್ರ ಸೇರುತ್ತವೆ. ಉದ್ದ ಸುಮಾರು 120 ಕಿ.ಮೀ. ಇಷ್ಟು ದೂರದಲ್ಲಿ ನದಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳಲ್ಲಿ ಇದು ಅಪರೂಪ. ಮಲೆನಾಡಿನ ಮಣ್ಣು, ಎಲೆಗೊಬ್ಬರ, ಸಿಹಿನೀರು ಎಲ್ಲವೂ ತಡೆಯಿಲ್ಲದೆ ಕೆಳಗಿನ ಅಳಿವೆಗೆ, ಅಂದರೆ ನದಿ ಸಮುದ್ರ ಸೇರುವ ಬಾಯಿಗೆ, ಬರುತ್ತವೆ. ಅಲ್ಲಿನ ಮೀನು, ಸಿಗಡಿ, ಬೆಳಚು (ತಿನ್ನುವ ಚಿಪ್ಪುಜೀವಿ) ಇಷ್ಟು ಸಮೃದ್ಧವಾಗಿರುವುದಕ್ಕೆ ಇದೇ ಕಾರಣ.

ಒಂದು ಗೊಂದಲ ಬಗೆಹರಿಸಿಕೊಳ್ಳಿ. ಸಹಸ್ರಲಿಂಗ ಇರುವುದು ಶಾಲ್ಮಲೆಯಲ್ಲಿ, ಅಘನಾಶಿನಿಯಲ್ಲಿ ಅಲ್ಲ. ಮಾಗೋಡು ಜಲಪಾತ ಬೇಡ್ತಿಯದು, ಜೋಗ ಶರಾವತಿಯದು.

ರಕ್ಷಿತ ಪ್ರದೇಶ ಅಂತಾರಲ್ರೀ, ಒಳಗ ಹೋಗಲಿಕ್ಕೆ ಪರವಾನಗಿ ಬೇಕೇನು?

ಇಲ್ಲಿ ರಕ್ಷಣೆ ಎರಡು ಬಗೆಯದು. ಘಟ್ಟದ ಮೇಲಿನ ಕಾಡು 2011ರಲ್ಲಿ ಅಘನಾಶಿನಿ ಸಿಂಗಳೀಕ (ಸಿಂಹಬಾಲದ ಮಂಗ) ಸಂರಕ್ಷಿತ ಪ್ರದೇಶವಾಯಿತು, ವಿಸ್ತೀರ್ಣ 299.52 ಚದರ ಕಿ.ಮೀ. 2019ರಲ್ಲಿ ಅದನ್ನು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಸಿದರು. ಕೆಳಗಿನ ಅಳಿವೆ 2024ರ ಜನವರಿಯಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ಸುಮಾರು 4,801 ಹೆಕ್ಟೇರ್. ಅದೇ ದಿನ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಆ ಪಟ್ಟಿ ಸೇರಿತೆಂಬುದನ್ನು ಗದಗಿನವರು ಹೆಮ್ಮೆಯಿಂದ ನೆನಪಿಟ್ಟುಕೊಳ್ಳಬೇಕು.

ಡಾಂಬರು ರಸ್ತೆ, ಊರು, ದೇವಸ್ಥಾನ, ಉಂಚಳ್ಳಿ ಮತ್ತು ಯಾಣದಂಥ ತೆರೆದ ತಾಣಗಳಿಗೆ ಮುಂಗಡ ಪರವಾನಗಿ ಬೇಡ. ಗೇಟಿನಲ್ಲಿ ವಾಹನ ಅಥವಾ ಪ್ರವೇಶ ಶುಲ್ಕ ಕೇಳಿದರೆ ಕಟ್ಟಿ ಚೀಟಿ ತೆಗೆದುಕೊಳ್ಳಿ. ರಸ್ತೆ ಬಿಟ್ಟು ಕಾಡೊಳಗೆ ಚಾರಣ ಮಾಡಲು, ರಾತ್ರಿ ಡೇರೆ ಹಾಕಲು, ಡ್ರೋನ್ ಹಾರಿಸಲು ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಬೇಕು. ಸಿದ್ದಾಪುರದ ಕಡೆಗೆ ಶಿರಸಿ ವಿಭಾಗ, ಕುಮಟಾದ ಕಡೆಗೆ ಹೊನ್ನಾವರ ವಿಭಾಗದ ಕಚೇರಿಯಲ್ಲಿ ಕೇಳಬೇಕು. "ಊರಿನವರು ಹೋಗ್ತಾರಲ್ಲ" ಎಂದು ಅವರ ಹಿಂದೆ ನುಗ್ಗಬೇಡಿ. ಅವರು ಹೋಗುವುದು ಸೊಪ್ಪಿನಬೆಟ್ಟಕ್ಕೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು ತೋಟಿಗರಿಗೆ ಇರುವ ಹಳೆಯ ಸವಲತ್ತು ಅದು. 1 ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಸಿಗುತ್ತದೆ. ಆ ಹಕ್ಕು ಪ್ರವಾಸಿಗಳಿಗಿಲ್ಲ.

ಯಾವಾಗ ಹೋದ್ರ ಚಲೋ?

ಏನು ನೋಡಬೇಕೆಂದು ಮೊದಲು ತೀರ್ಮಾನಿಸಿ. ಎಲ್ಲವೂ ಒಂದೇ ತಿಂಗಳಲ್ಲಿ ಸಿಗುವುದಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಘಟ್ಟ ಪೂರ್ತಿ ನೀರು. ಹಸಿರು ನೋಡಲು ಸೊಗಸು, ಆದರೆ ಜಲಪಾತದ ಎದುರು ನಿಂತರೂ ಮಂಜಿನಲ್ಲಿ ಸದ್ದು ಮಾತ್ರ ಕೇಳಿ ಬರಬೇಕಾಗುತ್ತದೆ. ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ರಸ್ತೆಯ ಅಪಾಯವೂ ಆಗಲೇ ಹೆಚ್ಚು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡವೇ ಕುಸಿದು ಜನ ಸತ್ತರು. ಉತ್ತರ ಕನ್ನಡಕ್ಕೆ ಕೆಂಪು ಎಚ್ಚರಿಕೆ ಇದ್ದ ದಿನ ಮನೆಯಲ್ಲೇ ಇರಿ. ಹುಬ್ಬಳ್ಳಿಯಲ್ಲಿ ಬಿಸಿಲು ಕಂಡಿತೆಂದು ಘಟ್ಟದ ಮಳೆಯನ್ನು ಅಳೆಯಬೇಡಿ.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ನಮ್ಮ ಪ್ರಕಾರ ಅತಿ ಒಳ್ಳೆಯ ಕಾಲ. ಜಲಪಾತದಲ್ಲಿ ನೀರಿರುತ್ತದೆ, ಮಂಜು ಕರಗಿರುತ್ತದೆ, ಅಳಿವೆ ದಂಡೆಯ ತಗ್ಗು ಗದ್ದೆಗಳಾದ ಗಜನಿಯಲ್ಲಿ ಕಗ್ಗ ಎಂಬ ಭತ್ತ ತೆನೆ ಹೊತ್ತಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಅಳಿವೆಯ ಹಕ್ಕಿಗಳಿಗೆ, ದೋಣಿಗೆ, ರಾತ್ರಿಯ ಯಕ್ಷಗಾನಕ್ಕೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಸೆಕೆ ವಿಪರೀತ. ನಮ್ಮ ಕಡೆಯ ಒಣ ಬಿಸಿಲು ತಡೆದವರೂ ಕರಾವಳಿಯ ಬೆವರಿಗೆ ಸೋಲುತ್ತಾರೆ. ಆದರೂ ಅಪ್ಪೆಮಿಡಿ (ಉಪ್ಪಿನಕಾಯಿಯ ಎಳೆ ಮಾವು), ಸಾಣಿಕಟ್ಟಾದ ಉಪ್ಪು, ಕುಮಟಾದ ಸಿಹಿ ಈರುಳ್ಳಿ ಸಿಗುವುದು ಆಗಲೇ.

ಯಾವ ದಾರಿ ಹಿಡೀಬೇಕು?

ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು ಮಾಡಿದರೆ ನದಿಯನ್ನು ಮೇಲಿನಿಂದ ಕೆಳಕ್ಕೆ ನೋಡಿದ ಹಾಗಾಗುತ್ತದೆ. ಹುಬ್ಬಳ್ಳಿಯಿಂದ ತಡಸ, ಮುಂಡಗೋಡ ಮೇಲೆ ಶಿರಸಿಗೆ ಸುಮಾರು 100 ಕಿ.ಮೀ., ಎರಡೂವರೆ ತಾಸು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಸುಮಾರು 60 ಕಿ.ಮೀ. ವಾಪಸು ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ, ಕಲಘಟಗಿ ಮಾರ್ಗ. ಅಂಕೋಲಾದಿಂದ ಹುಬ್ಬಳ್ಳಿಗೆ ಮೂರರಿಂದ ಮೂರೂವರೆ ತಾಸು. ಗದಗಿನವರು ಹುಬ್ಬಳ್ಳಿವರೆಗೆ ಇನ್ನೂ 60 ಕಿ.ಮೀ. ಕೂಡಿಸಿಕೊಳ್ಳಿ. ಹಾವೇರಿಯವರಿಗೆ ಹಾನಗಲ್ ಮೇಲೆ ಶಿರಸಿ ಹತ್ತಿರ, 75-80 ಕಿ.ಮೀ. ಅಷ್ಟೆ.

ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡುವ ಕೆಲಸ, ಮಳೆಗಾಲದಲ್ಲಿ ಗುಡ್ಡ ಜರಿಯುವುದು, ಇವೆರಡರಿಂದ ಸಂಚಾರ ನಿಂತದ್ದುಂಟು. ಹೊರಡುವ ಹಿಂದಿನ ದಿನ ಶಿರಸಿ ಅಥವಾ ಕುಮಟಾದ ಬಸ್ ನಿಲ್ದಾಣಕ್ಕೆ ಫೋನ್ ಮಾಡಿ "ಘಟ್ಟದ ಬಸ್ ಬಿಟ್ಟಾರೇನು" ಎಂದು ಕೇಳುವುದೇ ಸರಿಯಾದ ಪರೀಕ್ಷೆ. ಮೊಬೈಲ್ ನಕ್ಷೆ ಹತ್ತಿರದ ದಾರಿ ಎಂದು ಕಾಡಿನೊಳಗಿನ ಕಚ್ಚಾ ರಸ್ತೆ ತೋರಿಸುತ್ತದೆ. ಎದುರಿಗೆ ಒಂದು ವಾಹನ ಬಂದರೆ ಅಲ್ಲಿ ಹಿಂದೆ ಸರಿಯಲೂ ಜಾಗವಿಲ್ಲ. ಪೆಟ್ರೋಲ್ ಶಿರಸಿಯಲ್ಲೇ ತುಂಬಿಸಿ. ಸಿದ್ದಾಪುರದ ಒಳಹಳ್ಳಿಗಳಲ್ಲಿ ಫೋನಿನ ಸಿಗ್ನಲ್ ನಂಬಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಘಟ್ಟ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ. ಬಯಲಿನ ನೇರ ರಸ್ತೆಯ ರೂಢಿಯಲ್ಲಿ ಬ್ರೇಕಿನ ಮೇಲೇ ಕಾಲಿಟ್ಟು ಬಂದರೆ ಬ್ರೇಕು ಕಾದು ಹಿಡಿತ ತಪ್ಪುತ್ತದೆ.

ಗಾಡಿ ಇಲ್ಲ. ಬಸ್ಸು, ರೈಲು?

ಹುಬ್ಬಳ್ಳಿಯಿಂದ ಕುಮಟಾಕ್ಕೆ ನೇರ ರೈಲು ಮಾರ್ಗವಿಲ್ಲ. ಮಡಗಾಂವ್ ಸುತ್ತಿ ಕೊಂಕಣ ರೈಲಿನಲ್ಲಿ ಬರಬಹುದು, ಇಡೀ ದಿನ ಬೇಕು. ಬಸ್ಸೇ ಅನುಕೂಲ. ವಾಯವ್ಯ ಸಾರಿಗೆಯ ಬಸ್ಸುಗಳು ಶಿರಸಿಗೂ ಅಂಕೋಲಾ ಕಡೆಗೂ ಇವೆ. ಶಿರಸಿಯಿಂದ ಕುಮಟಾಕ್ಕೆ ಬಸ್ ಬದಲಿಸಿ. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಶಕ್ತಿ ಯೋಜನೆ ನಡೆಯುತ್ತದೆ, ಆಧಾರ್ ಜೊತೆಗಿರಲಿ. ಉಂಚಳ್ಳಿಗೆ ಮಾತ್ರ ಬಸ್ಸನ್ನೇ ನೆಚ್ಚಿಕೊಂಡು ಹೋಗಬೇಡಿ. ಶಿರಸಿ ಅಥವಾ ಸಿದ್ದಾಪುರದಿಂದ ಬಾಡಿಗೆ ವಾಹನ ಮಾಡಿ, ಕಾಯುವ ಹೊತ್ತು ಸೇರಿಸಿಯೇ ಬಾಡಿಗೆ ಮಾತಾಡಿ.

ಒಂದ ದಿನದಾಗ ಮುಗಿಸಿ ರಾತ್ರಿ ಮನಿ ಸೇರಬಹುದೇನ್ರಿ?

ಸೇರಬಹುದು, ಆದರೆ ಕಿಟಕಿಯಲ್ಲಿ ನೋಡಿದಷ್ಟೇ ಭಾಗ್ಯ. ಎರಡು ದಿನ, ಒಂದು ರಾತ್ರಿ ಇಡಿ. ಮೊದಲ ದಿನ ನಸುಕಿನ 5 ಗಂಟೆಗೆ ಹುಬ್ಬಳ್ಳಿ ಬಿಟ್ಟರೆ ಶಿರಸಿಯಲ್ಲಿ ನಾಷ್ಟಾ, 10ರ ಸುಮಾರಿಗೆ ಉಂಚಳ್ಳಿ, ಊಟದ ಹೊತ್ತಿಗೆ ವಾಪಸು ಶಿರಸಿ ರಸ್ತೆ, ಸಂಜೆ ಬೆಳಕಿರುವಾಗಲೇ ದೇವಿಮನೆ ಇಳಿದು ಕುಮಟಾ. ಎರಡನೇ ದಿನ ಪೂರ್ತಿ ಅಳಿವೆಗೆ: ಗಜನಿ, ಮಿರ್ಜಾನ್, ತದಡಿ. ಯಾಣವನ್ನೂ ಇದರಲ್ಲೇ ತುರುಕಬೇಡಿ, ಅದಕ್ಕೆ ಮೂರನೇ ದಿನ ಬೇಕು.

ಉಬ್ಬರ-ಇಳಿತ ನಮಗ ಹೆಂಗ ಗೊತ್ತಾಗಬೇಕು? ನಾವು ಬಯಲುಸೀಮಿಯವರು.

ಪಂಚಾಂಗ ನೋಡಲು ಬರುವವರಿಗೆ ಇದು ಸಲೀಸು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಇಳಿತಕ್ಕೆ ಆರು ತಾಸಿನ ಮೇಲೆ ಸ್ವಲ್ಪ. ಪ್ರತಿ ದಿನ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿಗೆ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿಗೆ ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ಈ ಕರಾವಳಿಯಲ್ಲಿ ಅಮಾವಾಸ್ಯೆ-ಹುಣ್ಣಿಮೆಗೆ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಉಬ್ಬರ, ಸಂಜೆ 5ರ ಸುಮಾರಿಗೆ ಇಳಿತ. ಅಷ್ಟಮಿಗೆ ಇದು ತಿರುಗುಮುರುಗು. ಇದು ಅಂದಾಜಿನ ಲೆಕ್ಕ, ಒಂದು ತಾಸು ಆಚೀಚೆ ಆಗಬಹುದು. ಸಮುದ್ರದ ಬಾಯಿಯಿಂದ ಮೇಲಕ್ಕೆ ಹೋದಷ್ಟೂ ತಡವಾಗುತ್ತದೆ. ಖಚಿತ ಹೊತ್ತಿಗೆ ಕಾರವಾರದ ಉಬ್ಬರ-ಇಳಿತ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ.

ಇದರಿಂದ ಪ್ರಯೋಜನವೇನು? ದೋಣಿಯಲ್ಲಿ ಹೋಗುವುದಾದರೆ ಉಬ್ಬರಕ್ಕೆ ಎರಡು ತಾಸು ಮೊದಲು ಹೊರಡಿ. ನೀರು ಏರುತ್ತಿದ್ದರೆ ದೋಣಿ ಮರಳದಿಬ್ಬಕ್ಕೆ ತಾಗಿದರೂ ತಾನೇ ಎದ್ದುಕೊಳ್ಳುತ್ತದೆ. ಇಳಿಯುವಾಗ ತಾಗಿದರೆ ಮುಂದಿನ ಉಬ್ಬರದವರೆಗೆ ಅಲ್ಲೇ ಕೂರಬೇಕು. ಬೆಳಚು ಆರಿಸುವುದನ್ನು, ಕೆಸರಿನಲ್ಲಿ ಮೇಯುವ ಹಕ್ಕಿಗಳನ್ನು ನೋಡುವುದಾದರೆ ಇಳಿತಕ್ಕೆ ಒಂದು ತಾಸು ಮೊದಲು ದಂಡೆಯಲ್ಲಿರಿ. ಪೂರ್ಣ ಇಳಿತದಲ್ಲಿ ಹಕ್ಕಿಗಳು ದೂರಕ್ಕೆ ಚದುರಿರುತ್ತವೆ. ನೀರು ಏರತೊಡಗಿದ ಮೇಲೆ ಅವೇ ದಂಡೆಯ ಕಡೆಗೆ ಬರುತ್ತವೆ. ಆದ್ದರಿಂದ ಅವಸರ ಮಾಡದೆ ಕುಳಿತವರಿಗೆ ಹತ್ತಿರದ ನೋಟ ಸಿಗುತ್ತದೆ.

ಇಳಿತದಲ್ಲಿ ಗಟ್ಟಿಯಾಗಿ ಕಾಣುವ ಕೆಸರಿಗೆ ಸುಮ್ಮನೆ ಇಳಿಯಬೇಡಿ. ಮೊಣಕಾಲವರೆಗೆ ಹೂತರೆ ಎಳೆದಷ್ಟೂ ಬಿಗಿಯಾಗುತ್ತದೆ. ಕಲ್ವದ (ಕಲ್ಲಿಗೆ ಅಂಟುವ ಚಿಪ್ಪುಜೀವಿ) ಚಿಪ್ಪು ಬ್ಲೇಡಿನಷ್ಟು ಚೂಪು, ಬರಿಗಾಲಿಗೆ ಆಳವಾಗಿ ಕೊಯ್ಯುತ್ತದೆ.

ಗಜನಿ ಅಂದ್ರೇನು? ಕಗ್ಗ ಅಂತ ಭತ್ತ ಬೆಳೀತಾರಂತಲ್ಲ, ಉಪ್ಪ ನೀರಾಗ ಹೆಂಗ?

ಹೊಲದವರು ಕೇಳುವ ಈ ಪ್ರಶ್ನೆ ನಮಗೆ ಬಹಳ ಇಷ್ಟ. ಅಳಿವೆಯ ದಂಡೆಗೆ ಸಮುದ್ರದ ನೀರು ಬಂದು ಹೋಗುವ ತಗ್ಗು ಭೂಮಿಯೇ ಗಜನಿ. ಸುತ್ತ ಮಣ್ಣಿನ ಒಡ್ಡು, ಒಡ್ಡಿಗೆ ಹಲಗೆಯ ಬಾಗಿಲು. ಮಳೆಗಾಲದಲ್ಲಿ ನದಿಯ ಸಿಹಿನೀರಿನ ರಭಸಕ್ಕೆ ಉಪ್ಪು ತೊಳೆದುಹೋಗುತ್ತದೆ. ಇಳಿತದಲ್ಲಿ ಬಾಗಿಲು ತೆಗೆದು ಒಳಗಿನ ನೀರು ಬಿಡುತ್ತಾರೆ, ಉಬ್ಬರದಲ್ಲಿ ಮುಚ್ಚುತ್ತಾರೆ. ಮುಂಗಾರು ಹಿಡಿದ ಮೇಲೆ ಮೊಳಕೆ ಬಂದ ಬೀಜ ಬಿತ್ತನೆ, ಅಕ್ಟೋಬರ್-ನವೆಂಬರ್‌ಗೆ ಕೊಯ್ಲು. ಕಗ್ಗ ತಳಿಗೆ ಎರಡು ಗುಣ: ಸ್ವಲ್ಪ ಉಪ್ಪನ್ನು ತಡೆಯುತ್ತದೆ, ನೆರೆಯಲ್ಲಿ ಕೆಲ ದಿನ ಮುಳುಗಿದರೂ ಎದ್ದು ನಿಲ್ಲುತ್ತದೆ. ಗೊಬ್ಬರವಿಲ್ಲ, ಔಷಧ ಸಿಂಪಡಣೆಯಿಲ್ಲ. ನೀರು ತಂದ ರೇವೆಯೇ ಗೊಬ್ಬರ.

ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ಕೊಯ್ದು ಉದ್ದನೆಯ ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಪ್ಪುನೀರು ಬಿಟ್ಟುಕೊಂಡರೆ ಅದರ ಜೊತೆ ಮೀನು, ಸಿಗಡಿಯ ಮರಿಗಳು ಬರುತ್ತವೆ. ಕೊಳೆತ ಹುಲ್ಲು ಅವಕ್ಕೆ ಮೇವು. ಅವು ಬಿಟ್ಟ ಕಸ ಮುಂದಿನ ಭತ್ತಕ್ಕೆ ಸಾರ. ನಮ್ಮ ಕರಿಮಣ್ಣಿನ ಹೊಲದಲ್ಲಿ ಕಡಲೆ, ಜೋಳ ಸರದಿ ಮಾಡುವ ಹಾಗೆಯೇ ಇಲ್ಲಿ ಭತ್ತ, ಮೀನು ಸರದಿ. ಕುಮಟಾ ತಾಲೂಕಿನ ಮಾಣಿಕಟ್ಟಾದಲ್ಲಿ ರೈತರು ಒಟ್ಟಾಗಿ ಕಗ್ಗದ ಬೀಜ ಉಳಿಸಿಕೊಂಡಿದ್ದಾರೆ. ಒಡ್ಡು ಒಡೆದ ಕಡೆ, ಸಿಗಡಿಯ ಹಣಕ್ಕಾಗಿ ವರ್ಷಪೂರ್ತಿ ಉಪ್ಪುನೀರು ನಿಲ್ಲಿಸಿದ ಕಡೆ ಕಗ್ಗ ಹೋಗಿಬಿಟ್ಟಿದೆ. ಒಬ್ಬನೇ ರೈತ ಇದನ್ನು ಬೆಳೆಯಲಾರ. ಬಾಗಿಲು ಎಲ್ಲರಿಗೂ ಒಂದೇ ಆದ್ದರಿಂದ ಇಡೀ ಗಜನಿಯವರು ಒಪ್ಪಬೇಕು.

ನೋಡಲು ಹೋದವರು ಒಡ್ಡಿನ ಮೇಲೆ ಸಾಲಾಗಿ ನಡೆಯಬೇಡಿ, ಬೈಕ್ ಅಂತೂ ಬೇಡವೇ ಬೇಡ. ಏಡಿಗಳು ಒಳಗೊಳಗೇ ತೂತು ಮಾಡಿರುತ್ತವೆ. ಭಾರಕ್ಕೆ ಕುಸಿದು ತಪ್ಪು ಹೊತ್ತಿನಲ್ಲಿ ಉಪ್ಪುನೀರು ನುಗ್ಗಿದರೆ ಆ ವರ್ಷದ ಬೆಳೆ ಮುಗಿಯಿತು. ಬಾಗಿಲಿನ ಹಲಗೆ ಮುಟ್ಟಬೇಡಿ.

ಬೆಳಚು, ಮೀನು ಹುಬ್ಬಳ್ಳಿತನಕ ಕೆಡದಂಗ ತರಬಹುದೇನು?

ತರಬಹುದು. ಬೆಳಚು ಜೀವಂತ ಇದ್ದರೆ ಮಾತ್ರ ತಿನ್ನಲು ಯೋಗ್ಯ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಕೊಳ್ಳುವಾಗ ಬಾಯಿ ಬಿಗಿಯಾಗಿ ಮುಚ್ಚಿದವನ್ನು ಆರಿಸಿ. ಬಾಯಿ ತೆರೆದದ್ದನ್ನು ಬೆರಳಿನಿಂದ ತಟ್ಟಿ, ಮುಚ್ಚಿಕೊಳ್ಳದಿದ್ದರೆ ಬಿಡಿ. ತೀರ ಸಣ್ಣ ಬೆಳಚು ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ. ಮರಿ ಹಾಕುವ ಮೊದಲೇ ತೆಗೆದರೆ ಮುಂದಿನ ವರ್ಷ ಹೊಳೆಯಲ್ಲಿ ಬರಿ ಮರಳು ಉಳಿಯುತ್ತದೆ. ಇಳಿತದ ಹೊತ್ತು ಸೊಂಟದವರೆಗಿನ ನೀರಿನಲ್ಲಿ ಕಾಲು, ಕೈಯಿಂದಲೇ ಬೆಳಚು ಹುಡುಕುವ ಹೆಂಗಸರ ಸಂಸಾರ ಅದರ ಮೇಲಿದೆ.

ಒಯ್ಯುವಾಗ ಹೆಚ್ಚಿನವರು ಮಾಡುವ ತಪ್ಪು ಬಕೆಟ್ಟಿನಲ್ಲಿ ಸಿಹಿನೀರು ಹಾಕಿ ಅದರಲ್ಲಿ ಮುಳುಗಿಸುವುದು. ಉಪ್ಪುನೀರಿನ ಜೀವ ಅದರಲ್ಲಿ ಸಾಯುತ್ತದೆ. ಪ್ಲಾಸ್ಟಿಕ್ ಚೀಲದ ಬಾಯಿ ಕಟ್ಟಿದರೂ ಉಸಿರುಗಟ್ಟುತ್ತದೆ. ಗೋಣಿಚೀಲವನ್ನು ಹೊಳೆಯ ನೀರಿನಲ್ಲೇ ಅದ್ದಿ ಹಿಂಡಿ, ಅದರಲ್ಲಿ ಸುತ್ತಿ ನೆರಳಿನಲ್ಲಿಡಿ. ಕೆಳಗೆ ಐಸ್ ಇಟ್ಟರೆ ಕರಗಿದ ನೀರು ತಾಗದ ಹಾಗೆ ನಡುವೆ ಹಲಗೆ ಹಾಕಿ. ಮನೆಗೆ ಬಂದ ಮೇಲೆ ಲೀಟರಿಗೆ 30 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಎರಡು-ಮೂರು ತಾಸು ಬಿಟ್ಟರೆ ಮರಳು ಉಗುಳುತ್ತವೆ. ಅದೇ ದಿನ ಬೇಯಿಸಿ. ಬೆಂದ ಮೇಲೂ ಬಾಯಿ ಬಿಡದವನ್ನು ಎಸೆಯಿರಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆಗ ಸಿಗುವುದು ಹೆಚ್ಚಾಗಿ ಹೊಳೆಮೀನು.

ಉಂಚಳ್ಳಿ ಜಲಪಾತ?

ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಹತ್ತಿರ ಅಘನಾಶಿನಿ 116 ಮೀಟರ್ ಧುಮುಕುತ್ತದೆ. ಸದ್ದಿಗೆ ಕಿವಿ ಕೆಪ್ಪಾಗುತ್ತದೆಂದು ಊರವರು ಕೆಪ್ಪಜೋಗ ಎನ್ನುತ್ತಾರೆ. 1845ರಲ್ಲಿ ಬ್ರಿಟಿಷ್ ಅಧಿಕಾರಿ ಲಷಿಂಗ್ಟನ್ ಕಂಡದ್ದರಿಂದ ಲಷಿಂಗ್ಟನ್ ಜಲಪಾತ ಎಂಬ ಹೆಸರೂ ಇದೆ. ಊರವರು ಅದನ್ನು ಎಷ್ಟೋ ತಲೆಮಾರುಗಳಿಂದ ನೋಡುತ್ತ ಬಂದಿದ್ದರು. ನೋಡುವ ಕಟ್ಟೆಯಿಂದ ಕೆಳಗೆ ಬಂಡೆಗೆ ಇಳಿಯಬೇಡಿ. ಮೇಲ್ಭಾಗದಲ್ಲಿ ಎಲ್ಲೋ ಮಳೆಯಾಗಿ ನೀರು ಒಮ್ಮೆಲೇ ಏರುತ್ತದೆ, ಪಾಚಿ ಹತ್ತಿದ ಕಲ್ಲಿನಲ್ಲಿ ಓಡಲಾಗುವುದಿಲ್ಲ.

ಯಾಣ ಅದ ಕಣಿವಿಯೊಳಗ ಬರತೈತೇನು?

ಬರುತ್ತದೆ. ಯಾಣದ ಚಂಡಿಹೊಳೆ ಅಘನಾಶಿನಿಯನ್ನೇ ಸೇರುತ್ತದೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಎರಡೂ ಸುಣ್ಣದಕಲ್ಲಿನ ಕಪ್ಪು ಬಂಡೆ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂಬ ಗಾದೆ ರಸ್ತೆ ಇಲ್ಲದ ಕಾಲದ್ದು. ಈಗ ವಾಹನ ಹತ್ತಿರದವರೆಗೆ ಹೋಗುತ್ತದೆ, ಉಳಿದದ್ದು ಕಾಡಿನ ಕಾಲುದಾರಿ ಮತ್ತು ಮೆಟ್ಟಿಲು. ಗುಹೆಯೊಳಗೆ ಬರಿಗಾಲಿನಲ್ಲಿ ಹೋಗಬೇಕು, ಕಲ್ಲು ಸದಾ ತೇವ. ಬಂಡೆಗೆ ಹೆಜ್ಜೇನು ಕಟ್ಟಿರುತ್ತದೆ. ಊದುಬತ್ತಿಯ ಹೊಗೆ, ಕೂಗಾಟ, ಗಾಢ ಸುಗಂಧ ಬೇಡ.

ಸಿಂಗಳೀಕ ಕಾಣಸತಾವೇನು?

ಪುಣ್ಯವಿದ್ದರೆ ಬೆಳಿಗ್ಗೆ 7ರಿಂದ 10ರೊಳಗೆ. ಸಿಂಗಳೀಕ ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಮೈ ಕಪ್ಪು, ಮುಖದ ಸುತ್ತ ಬೂದುಬಿಳಿ ಕೇಸರ, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು. ಉದ್ದ ಬಾಲದ, ಬೂದು ಮೈಯ, ಕಪ್ಪು ಮೋರೆಯದು ಮುಸುವ. ಸಿಂಗಳೀಕ ಮರದ ನೆತ್ತಿ ಬಿಟ್ಟು ನೆಲಕ್ಕೆ ಇಳಿಯುವುದೇ ಅಪರೂಪ, ಆದ್ದರಿಂದ ಕಾಡಿನ ಮೇಲ್ಛಾವಣಿ ತುಂಡಾದರೆ ಅದರ ದಾರಿ ತುಂಡಾಯಿತು. ಬಾಳೆಹಣ್ಣು, ಬಿಸ್ಕೀಟು ತೋರಿಸಿ ರಸ್ತೆಗೆ ಇಳಿಸಬೇಡಿ. ರಸ್ತೆಗೆ ಇಳಿಯುವ ರೂಢಿಯಾದ ಮಂಗ ಗಾಡಿಗೆ ಸಿಕ್ಕು ಸಾಯುತ್ತದೆ.

ಈ ಕಣಿವೆಯ ತಗ್ಗಿನಲ್ಲಿ ರಾಮಪತ್ರೆ ಜಡ್ಡಿಗಳಿವೆ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡುಗಳು. ಕೆಸರಿನಿಂದ ಮೊಣಕಾಲಿನಂತೆ ಬಾಗಿ ಮೇಲೆದ್ದ ಬೇರುಗಳು ಮರದ ಉಸಿರಾಟದ ದಾರಿ. ಅವುಗಳ ಮೇಲೆ ನಿಂತು ಫೋಟೋ ತೆಗೆಯಬೇಡಿ, ಹೂತ ಬೇರಿಗೆ ಗಾಳಿ ಸಿಗದೆ ಮರ ಒಣಗುತ್ತದೆ.

ಉಂಬಳ, ಉಣ್ಣೆ, ಮಂಗನ ಕಾಯಿಲೆ ಅಂತ ಹೆದರಸತಾರ. ಖರೇನ?

ಉಂಬಳ ಅಂದರೆ ಕಾಡಿನ ಜಿಗಣೆ, ಮಳೆಗಾಲದ ಕಾಟ. ರಕ್ತ ಹೋಗುತ್ತದೆ, ಕಾಯಿಲೆ ಬರುವುದಿಲ್ಲ. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸಿಕ್ಕಿಸಿ. ಹತ್ತಿದರೆ ಕಿತ್ತೆಳೆಯಬೇಡಿ, ಉಪ್ಪಿನ ಪುಡಿ ಮುಟ್ಟಿಸಿದರೆ ಬಿದ್ದುಹೋಗುತ್ತದೆ. ಆಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ.

ಉಣ್ಣೆಯದು ಬೇರೆ ಮಾತು, ಅದನ್ನು ಹಗುರವಾಗಿ ನೋಡಬಾರದು. ಮಂಗನ ಕಾಯಿಲೆ ವೈರಸ್ಸಿನದು, ಉಣ್ಣೆ ಕಚ್ಚುವುದರಿಂದ ಬರುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ್ದು. ಸಿದ್ದಾಪುರ ತಾಲೂಕಿನಲ್ಲೂ ಜನ ಸತ್ತಿದ್ದಾರೆ. ಕಾಲ ನವೆಂಬರ್‌ನಿಂದ ಮೇ, ಅಂದರೆ ನೀವು ಹೋಗುವ ಚಳಿಗಾಲವೂ ಅದರೊಳಗೇ ಬರುತ್ತದೆ. ಒಣ ತರಗೆಲೆಯ ಮೇಲೆ ಕೂರಬೇಡಿ. ತಿಳಿ ಬಣ್ಣದ ಉದ್ದ ತೋಳಿನ ಬಟ್ಟೆ ಹಾಕಿ, ಉಣ್ಣೆ ಬೇಗ ಕಣ್ಣಿಗೆ ಬೀಳುತ್ತದೆ. ಊರಿನ ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣ್ಣೆ ದೂರವಿಡುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ವಾಪಸಾದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸಾಬೂನು ಹಚ್ಚಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಿ.

ಮನೆಗೆ ಬಂದ ಮೇಲೆ ವಾರ-ಹತ್ತು ದಿನದೊಳಗೆ ಒಮ್ಮೆಲೇ ಜ್ವರ, ತಲೆಶೂಲೆ, ಮೈಕೈ ನೋವು ಬಂದರೆ ವೈದ್ಯರಿಗೆ "ಸಿದ್ದಾಪುರದ ಕಾಡಿಗೆ ಹೋಗಿದ್ದೆ" ಎಂದು ನೀವೇ ಹೇಳಬೇಕು. ಹುಬ್ಬಳ್ಳಿಯಲ್ಲಿ ಯಾರೂ ಮೊದಲಿಗೆ ಈ ಕಾಯಿಲೆಯನ್ನು ಊಹಿಸುವುದಿಲ್ಲ. ರಕ್ತಸ್ರಾವದ ಅಪಾಯ ಇರುವುದರಿಂದ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆಯನ್ನು ನಿಮ್ಮಷ್ಟಕ್ಕೆ ನುಂಗಬೇಡಿ.

ಮಿರ್ಜಾನ್ ಕೋಟೆಗೆ ಎಷ್ಟು ಹೊತ್ತು ಬೇಕು?

ಒಂದೂವರೆ ತಾಸು. ಕುಮಟಾದಿಂದ 11 ಕಿ.ಮೀ., ಹೆದ್ದಾರಿಯಿಂದ ಒಳಗೆ ಅರ್ಧ ಕಿ.ಮೀ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಬೆಸೆದ ಕೋಟೆ. ಬಿಜಾಪುರದ ಅಧಿಕಾರಿ ಶರೀಫ್-ಉಲ್-ಮುಲ್ಕ್ ಕಟ್ಟಿಸಿದ್ದೆನ್ನುವವರೂ ಇದ್ದಾರೆ. ಕಾಳುಮೆಣಸು ಇಲ್ಲಿಂದ ದೋಣಿ ಹತ್ತುತ್ತಿತ್ತು, ಪೋರ್ತುಗೀಸರು ರಾಣಿಯನ್ನು ಮೆಣಸಿನ ರಾಣಿ ಎಂದೇ ಕರೆದರು. ಗೋಡೆ ಚಿರೇಕಲ್ಲಿನದು. ನೀರು ಹೀರುವ ಈ ಕಲ್ಲು ಮಳೆಗಾಲದಲ್ಲಿ ಹಾವಸೆಗಟ್ಟಿ ಹಸಿರಾಗಿ ಬಹಳ ಚಂದ ಕಾಣುತ್ತದೆ, ಅಷ್ಟೇ ಜಾರುತ್ತದೆ. ಬಾವಿಗಳ ಅಂಚಿಗೆ ಮಕ್ಕಳನ್ನು ಬಿಡಬೇಡಿ.

ಸಮುದ್ರಕ್ಕ ಇಳೀಬಹುದೇನು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಉಳಿದ ತಿಂಗಳಲ್ಲಿ ಜೀವರಕ್ಷಕರು ಇರುವ ಕಡೆ ಮಾತ್ರ, ಸೊಂಟದ ಮೇಲೆ ನೀರು ಬರದಷ್ಟು. ಕೆರೆ, ಬಾವಿಯಲ್ಲಿ ಈಜು ಕಲಿತ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಅಲೆಗಳ ನಡುವೆ ನೀರು ಶಾಂತವಾಗಿ ಕಾಣುವ ಪಟ್ಟಿಯೇ ಸೆಳೆತದ ಜಾಗ. ಸಿಕ್ಕಿಕೊಂಡರೆ ದಂಡೆಗೆ ನೇರ ಈಜದೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬನ್ನಿ. ತದಡಿಯಲ್ಲಿ ನದಿ ಸಮುದ್ರ ಸೇರುವ ಬಾಯಲ್ಲಿ ಯಾವ ತಿಂಗಳಲ್ಲೂ ಇಳಿಯಬೇಡಿ. ಇಳಿತದ ಹೊತ್ತು ಅಳಿವೆಯ ಅಷ್ಟೂ ನೀರು ಆ ಒಂದು ಕಿಂಡಿಯಲ್ಲಿ ಹೊರಗೆ ಓಡುತ್ತದೆ. ತದಡಿಯಿಂದ ಆಚೆಯ ಅಘನಾಶಿನಿ ಊರಿಗೆ ದಾಟುದೋಣಿಯಲ್ಲಿ ಹೋಗಿ, ಜೀವರಕ್ಷಕ ಅಂಗಿ ಕೇಳಿ ಹಾಕಿಕೊಳ್ಳಿ.

ಊಟ, ವಸತಿ ಹೆಂಗ? ರೊಟ್ಟಿ ಸಿಗತೈತೇನು?

ರೊಟ್ಟಿಯ ಆಸೆ ಎರಡು ದಿನ ಬಿಡಿ, ಅಥವಾ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಳ್ಳಿ. ಘಟ್ಟದ ಮೇಲೆ ಹವ್ಯಕರ ಮನೆವಾಸ್ತವ್ಯಗಳಲ್ಲಿ ಸಸ್ಯಾಹಾರ: ತಂಬುಳಿ, ಅಪ್ಪೆಹುಳಿ, ಕಬ್ಬಿನಹಾಲಿನ ತೊಡದೇವು. ಖಾರ ನಮ್ಮಷ್ಟು ಇರುವುದಿಲ್ಲ. ಆ ಮನೆಗಳಿಗೆ ಮಾಂಸ, ಮದ್ಯ ಒಯ್ಯಬೇಡಿ. ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ಹಿಂದಿನ ದಿನವೇ ಹೇಳಿ, ಅಡುಗೆ ಆಗುವುದು ಜನರ ಲೆಕ್ಕದ ಮೇಲೆ. ಕೆಳಗೆ ಕುಮಟಾ, ಗೋಕರ್ಣದಲ್ಲಿ ಮೀನೂಟ, ಸಸ್ಯಾಹಾರ ಎರಡೂ ಸಿಗುತ್ತವೆ.

ದಾರಿಯಲ್ಲಿ ಮಣಿಸರ ತೊಟ್ಟ ಹಾಲಕ್ಕಿ ಒಕ್ಕಲಿಗ ಅಜ್ಜಿಯರನ್ನು ಕಂಡು ಕೇಳದೆ ಫೋಟೋ ತೆಗೆಯುವುದು ಬೇಡ. "ಅಮ್ಮಾ, ಒಂದ್ ಫೋಟೋ ತೆಗೀಲಾ?" ಎಂದು ಕೇಳಿ, ಬೇಡವೆಂದರೆ ಅಲ್ಲಿಗೆ ಬಿಡಿ.

ಅಲ್ಲಿಂದ ಏನೇನ ತರಬಹುದು?

ಅಪ್ಪೆಮಿಡಿಗೆ 2009ರಲ್ಲಿ, ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮಿಡಿ ಕೊಳ್ಳುವಾಗ ತೊಟ್ಟು ಇರಬೇಕು, ನೆಲಕ್ಕೆ ಬಿದ್ದ ಪೆಟ್ಟು ಇರಬಾರದು. ತೊಟ್ಟು ಮುರಿದದ್ದು, ಪೆಟ್ಟು ತಿಂದದ್ದು ಉಪ್ಪಿನಲ್ಲಿ ಮೆತ್ತಗಾಗಿ ಇಡೀ ಭರಣಿ ಕೆಡಿಸುತ್ತದೆ. ಸಾಣಿಕಟ್ಟಾದ ಹರಳುಪ್ಪು ಮಿಡಿ ಹಾಕಲು ಚಲೋ, ದಿನದ ಅಡುಗೆಗೆ ಅಯೋಡಿನ್ ಇರುವ ಉಪ್ಪೇ ಇರಲಿ. ಉಪ್ಪಿನ ಪಾತಿಗಳೊಳಗೆ ಚಪ್ಪಲಿ ಹಾಕಿಕೊಂಡು ಇಳಿಯಬೇಡಿ, ತುಳಿದು ಗಟ್ಟಿ ಮಾಡಿದ ತಳ ಕದಡಿದರೆ ಉಪ್ಪು ಮಣ್ಣಾಗುತ್ತದೆ. ಏಪ್ರಿಲ್-ಮೇನಲ್ಲಿ ಕುಮಟಾದ ಹೆದ್ದಾರಿ ಪಕ್ಕ ಜಡೆ ಹೆಣೆದು ತೂಗುಬಿಟ್ಟ ಸಿಹಿ ಈರುಳ್ಳಿ ಸಿಗುತ್ತದೆ. ಹಸಿಯಾಗಿ ತಿನ್ನಲು ಅದರ ಸಮ ಇಲ್ಲ. ಮನೆಯಲ್ಲೂ ಹಾಗೇ ಗಾಳಿಗೆ ತೂಗುಹಾಕಿ, ಚೀಲದಲ್ಲಿಟ್ಟರೆ ಕೊಳೆಯುತ್ತದೆ.

ಧಾರವಾಡದ ಶಾಲ್ಮಲಾ, ಹಾವೇರಿಗೆ ತರೋ ನೀರಿನ ಯೋಜನಾ, ಇವಕ್ಕೂ ಆ ಕಡೆಗೂ ಏನ ಸಂಬಂಧ?

ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರುತ್ತದೆ. ಬೇಡ್ತಿ ಕೆಳಗೆ ಗಂಗಾವಳಿ ಎನಿಸಿಕೊಂಡು ಗೋಕರ್ಣದ ಉತ್ತರಕ್ಕೆ ಸಮುದ್ರಕ್ಕೆ ಇಳಿಯುತ್ತದೆ. ಅಘನಾಶಿನಿ ಗೋಕರ್ಣದ ದಕ್ಷಿಣಕ್ಕೆ. ಹುಬ್ಬಳ್ಳಿಯ ಕೊಳಚೆಯೂ ಬೇಡ್ತಿಯ ಪಾತ್ರಕ್ಕೇ ಹೋಗುತ್ತದೆ. ಕಡಲತೀರದಲ್ಲಿ ಪ್ಲಾಸ್ಟಿಕ್ ಹೆಕ್ಕುವ ಮನಸ್ಸಿರುವವರು ಈ ಊರಿನ ನಾಲೆಯಿಂದಲೇ ಶುರು ಮಾಡಬಹುದು.

ಬೇಡ್ತಿ-ವರದಾ ಜೋಡಣೆ ನಮ್ಮ ಹಾವೇರಿ, ಗದಗಿನ ಹೊಲಗಳಿಗೆ ನೀರು ತರುವ ಪ್ರಸ್ತಾವ. ಅಘನಾಶಿನಿ-ವೇದಾವತಿಯದು ಚಿತ್ರದುರ್ಗದ ಕಡೆಗೆ. ಎರಡಕ್ಕೂ ಘಟ್ಟದವರ ಬಲವಾದ ವಿರೋಧವಿದೆ. ಸಿಹಿನೀರು ಕಡಿಮೆಯಾದರೆ ಅಳಿವೆಯ ಉಪ್ಪು ಮೇಲಕ್ಕೆ ಏರಿ ಕಗ್ಗ, ಬೆಳಚು, ಬಾವಿ ಮೂರೂ ಕೆಡುತ್ತವೆ ಎಂಬುದು ಅವರ ಅಳಲು, ಗಜನಿ ನೋಡಿದವರಿಗೆ ಅದು ಅರ್ಥವಾಗುತ್ತದೆ. ಬರಗಾಲ ಕಂಡ ನಮ್ಮವರ ಬೇಡಿಕೆಯೂ ಸುಳ್ಳಲ್ಲ. ಅವರ ಜಗಲಿಯಲ್ಲಿ ಕುಳಿತಾಗ ವಾದ ಮಾಡುವುದಕ್ಕಿಂತ ಕೇಳಿಸಿಕೊಳ್ಳುವುದು ಮೇಲು.

ಮನ್ಯಾಗ ವಯಸ್ಸಾದವರು ಅದಾರ. ಅಷ್ಟ ದೂರ ಆಗೂದಿಲ್ಲ. ಹತ್ತಿರ ಏನರ?

ಕುಮಟಾವರೆಗೆ ಬರಬಲ್ಲವರಿಗೆ ಯಾಣ, ಉಂಚಳ್ಳಿ ಬಿಟ್ಟು ಅಳಿವೆಯ ದಂಡೆ ಮತ್ತು ದೋಣಿ ಸಾಕು, ಮೆಟ್ಟಿಲಿಲ್ಲ. ಘಟ್ಟದ ತಿರುವಿಗೆ ವಾಂತಿಯಾಗುವವರು ಹೊರಡುವ ಅರ್ಧ ತಾಸು ಮೊದಲು ಗುಳಿಗೆ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕೂರಲಿ.

ಅಷ್ಟೂ ಆಗದಿದ್ದರೆ ಮಾಗಡಿ ಕೆರೆ ಇದೆ. ಗದಗಿನಿಂದ ಸುಮಾರು 26 ಕಿ.ಮೀ., ಲಕ್ಷ್ಮೇಶ್ವರಕ್ಕೆ ಇನ್ನೂ ಹತ್ತಿರ. ನವೆಂಬರ್‌ನಿಂದ ಫೆಬ್ರವರಿವರೆಗೆ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಹಗಲು ಕೆರೆಯಲ್ಲಿ ದಣಿವಾರಿಸಿಕೊಂಡು, ಸಂಜೆ ಸುತ್ತಲಿನ ಹೊಲಗಳಿಗೆ ಮೇಯಲು ಏಳುತ್ತವೆ. ಸೂರ್ಯ ಮುಳುಗುವ ಒಂದು ತಾಸು ಮೊದಲು ಏರಿಯ ಮೇಲೆ ಕುರ್ಚಿ ಹಾಕಿ ಕೂರಿಸಿದರೆ ಸಾಕು. ದುರ್ಬೀನು ಒಯ್ಯಿರಿ, ನೀರಿನ ಅಂಚಿಗೆ ಹೋಗಬೇಡಿ. ಒಂದು ಎದ್ದರೆ ಹಿಂಡೇ ಏಳುತ್ತದೆ, ಮರುದಿನದ ಹಾರಾಟಕ್ಕೆ ಉಳಿಸಿಕೊಂಡ ಕಸುವು ವ್ಯರ್ಥವಾಗುತ್ತದೆ.